ಏಳನೇ ನಿಲುಗಡೆಯ ಬೆಂಚು

ಅಕ್ಟೋಬರ್ ಹನ್ನೊಂದು, ಮಂಗಳವಾರ

ಉದ್ಯಾನದ ಮಾರ್ಗದರ್ಶಿ, ಬಿಲ್ಲೆ ನಂಬರ್ ಹದಿನೇಳು, ಇವರಿಗೆ,

ಪ್ರೀತಿಯ ಮಗಳಿಗೆ ಅಂತ ಎರಡು ಸಲ ಬರೆದೆ, ಎರಡು ಸಲವೂ ಹಾಳೆ ಹರಿದು ಹಾಕಿದೆ. ನಾಲ್ಕು ವರ್ಷದಿಂದ ಮನೆ ಮೆಟ್ಟಿಲು ತುಳಿಯದವಳನ್ನು ಹಾಗೆ ಕರೆಯೋಕೆ ಬಾಯಿ ಬರಲ್ಲ, ಇನ್ನು ಕೈ ಎಲ್ಲಿಂದ ಬರಬೇಕು. ನಾನು ಚೆನ್ನಾಗಿದ್ದೇನೆ. ನೀನು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ. ಮೊಣಕಾಲು ಹಾಗೇ ಇದೆ, ಅಡುಗೆಮನೆಯ ನಲ್ಲಿ ಹಾಗೇ ಸೋರುತ್ತಿದೆ. ನೀನು ಬಡಕಲಾಗಿದ್ದೀಯ ಅಂತ ನಿನ್ನ ಚಿಕ್ಕಮ್ಮ ಹೇಳಿದ್ದಳು. ನಾನೂ ಕಣ್ಣಾರೆ ಕಂಡೆ. ಆಗಿದ್ದೀಯ.

ಕಣ್ಣಾರೆ ಅಂದೆನಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಮೂರು ವಾರದ ಹಿಂದೆ, ಭಾನುವಾರ, ಹತ್ತು ಗಂಟೆಗೆ ನೀನು ಕರೆದುಕೊಂಡು ಹೊರಟ ಗುಂಪಿನಲ್ಲಿ ನಾನಿದ್ದೆ. ಚಿಕ್ಕಮ್ಮನ ಅಗಲ ಟೋಪಿ, ಕಪ್ಪು ಕನ್ನಡಕ, ನನ್ನದಲ್ಲದ ಒಂದು ಹಸಿರು ಕೋಟು. ಕಳ್ಳಿಯ ಹಾಗೆ ಒಬ್ಬ ಉದ್ದನೆಯ ಮನುಷ್ಯನ ಬೆನ್ನಿಗೆ ಅಂಟಿಕೊಂಡು ನಡೆದೆ. ಮೂವತ್ತೆರಡು ವರ್ಷ ಯಾವ ಗೇಟಿನಲ್ಲಿ ಕಾವಲುಗಾರರು ನನ್ನನ್ನು ಕಂಡು ಎದ್ದು ನಿಲ್ಲುತ್ತಿದ್ದರೋ ಅದೇ ಗೇಟಿನಲ್ಲಿ ಟಿಕೆಟ್ ತೋರಿಸಿ ಒಳಗೆ ಹೋದೆ. ನೀನು ತಲೆ ಎಣಿಸಿದೆ. ಇಪ್ಪತ್ತೆರಡು ಅಂದೆ. ಇಪ್ಪತ್ತೆರಡನೆಯವಳು ನಿನ್ನ ಹೆತ್ತ ತಾಯಿ ಅಂತ ನಿನಗೆ ಗೊತ್ತಾಯಿತೋ ಇಲ್ಲವೋ, ಈ ಮೂರು ವಾರದಿಂದ ನನಗೆ ಅದೇ ಯೋಚನೆ. ಗೊತ್ತಾಗಿಯೂ ಏಳನೇ ನಿಲುಗಡೆಯಲ್ಲಿ ಆ ಮಾತು ಆಡಿದ್ದರೆ ನೀನು ಕಟುಕಿ. ಗೊತ್ತಾಗದೆ ಆಡಿದ್ದರೆ ನಿನ್ನ ಕಣ್ಣು ಪರೀಕ್ಷೆ ಮಾಡಿಸು.

ಇಷ್ಟು ದಿನ ತಡವಾಗಿದ್ದು ಯಾಕೆ ಅಂದರೆ ಮೊದಲ ವಾರ ಬರೆಯೋಕೆ ಕೂತಾಗ ಸಿಟ್ಟಿಗೆ ಪೆನ್ನು ಕಾಗದವನ್ನೇ ಸೀಳುತ್ತಿತ್ತು. ಈಗ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ಬರೆಯೋಕೆ ಆಗುವಷ್ಟಕ್ಕೆ ಬಂದಿದೆ, ಅಷ್ಟೇ.

ಮೊದಲು ನಿನ್ನ ಕೆಲಸದ ವಿಷಯ. ಗೇಟಿನ ಹತ್ತಿರ ನೀನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುತ್ತೀಯ. ಬಂದವರೆಲ್ಲ ಕಣ್ಣು ಕಿರಿದು ಮಾಡಿಕೊಂಡು ನಿನ್ನ ಬಾಯಿ ಎಲ್ಲಿದೆ ಅಂತ ಹುಡುಕುತ್ತಾರೆ. ಸೇನಾಪತಿಯ ಪ್ರತಿಮೆ ಹತ್ತಿರ ಅವನು ಸೋತ ಯುದ್ಧಗಳನ್ನು ಮಾತ್ರ ಹೇಳುತ್ತೀಯ, ಗೆದ್ದದ್ದು ಒಂದಾದರೂ ಹೇಳಬಾರದೇ. ದೋಣಿಮನೆಯಿಂದ ಸಂಗೀತದ ಮಂಟಪಕ್ಕೆ ಹೋಗುವಾಗ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ನಡೆಯುತ್ತೀಯ. ನನಗೆ ಕೆಲಸ ಕಲಿಸಿದ ದೊಡ್ಡ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, ಗುಂಪಿನಲ್ಲಿ ಎಲ್ಲರಿಗಿಂತ ಮುದಿಯಾದ ಕಾಲು ಯಾವುದು ನೋಡು, ಆ ಕಾಲಿನ ಲೆಕ್ಕಕ್ಕೆ ನಡೆ ಅಂತ. ನಿನ್ನ ಗುಂಪಿನಲ್ಲಿ ಆ ಮುದಿ ಕಾಲು ನನ್ನದೇ ಆಗಿತ್ತು. ಎರಡು ಸಲ ಹಿಂದೆ ಬಿದ್ದೆ. ಒಂದು ಸಲ ಆ ಉದ್ದನೆಯವನೇ ನಿಂತು ನನ್ನನ್ನು ಕಾದ. ನೀನಲ್ಲ.

ನಿನ್ನ ದನಿ ಮಾತ್ರ ಚೆನ್ನಾಗಿದೆ. ಕಿರುಚದೆ ಕೊನೆಯ ಸಾಲಿನವರೆಗೂ ಮುಟ್ಟಿಸುತ್ತೀಯ. ಅದು ನನ್ನಿಂದ ಬಂದದ್ದು, ದಫ್ತರಿನ ಕಾಗದದಿಂದ ಬಂದದ್ದಲ್ಲ.

ಇನ್ನು ಏಳನೇ ನಿಲುಗಡೆ. ಅಲ್ಲಿ ಏನೂ ಇಲ್ಲ ಅಂತ ನಿನಗೆ ಈಗಷ್ಟೇ ಗೊತ್ತಾಗಿರಬಹುದು, ನಮಗೆಲ್ಲ ಯಾವತ್ತೋ ಗೊತ್ತಿತ್ತು. ಅರಮನೆಯವರು ಬೇಟೆಗೆ ಬರುತ್ತಿದ್ದದ್ದು ಆ ಕಡೆ, ಕಾರಂಜಿ ಈ ಕಡೆ, ನಡುವೆ ಒಂದು ಬಾಗಿದ ಮುದಿ ಮರ, ಕೆಳಗೊಂದು ಕಬ್ಬಿಣದ ಬೆಂಚು, ಎದುರಿಗೆ ಹುಲ್ಲುಹಾಸು, ಅದರಾಚೆ ಗಾಜಿನ ಮನೆ. ಚರಿತ್ರೆ ಒಂದು ಚಮಚವೂ ಇಲ್ಲ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ನಡೆದು ಒಂದು ಗಂಟೆಯಾಗಿರುತ್ತೆ. ಮಕ್ಕಳು ರಗಳೆ ಶುರು ಮಾಡುತ್ತವೆ, ಗಂಡಸರು ವಾಚು ನೋಡುತ್ತಾರೆ, ಹೆಂಗಸರು ಚಪ್ಪಲಿ ಕಳಚಿ ಹಿಮ್ಮಡಿ ಒತ್ತಿಕೊಳ್ಳುತ್ತಾರೆ. ಐದು ನಿಮಿಷ ಕೂರಿಸಬೇಕು. ಸುಮ್ಮನೆ ಕೂತುಕೊಳ್ಳಿ ಅಂದರೆ ಜನ ಕೂರಲ್ಲ, ಮೋಸವಾಯಿತು ಅಂದುಕೊಳ್ಳುತ್ತಾರೆ. ಅದಕ್ಕೇ ದೊಡ್ಡ ಮೇಷ್ಟ್ರು ಹೇಳುತ್ತಿದ್ದರು, ಚರಿತ್ರೆ ಇಲ್ಲದ ಕಡೆ ಕಥೆ ಇಡು, ಕಾಲು ನೋಯುವ ಕಡೆ ಪ್ರೀತಿಯ ಕಥೆ ಇಡು ಅಂತ. ನಮ್ಮ ಮಾರ್ಗದರ್ಶಿಗಳ ಗುಡಿಸಲಿನಲ್ಲಿ ಇದನ್ನು ಯಾರೂ ಸುಳ್ಳು ಅಂತ ಕರೆಯುತ್ತಿರಲಿಲ್ಲ. ಕೂರಿಸೋ ಮಾತು ಅಂತ ಕರೆಯುತ್ತಿದ್ದೆವು. ಒಬ್ಬೊಬ್ಬರಿಗೂ ತಮ್ಮದೊಂದು ಕೂರಿಸೋ ಮಾತು ಇರುತ್ತಿತ್ತು. ಮೇಷ್ಟ್ರದ್ದು ಕೊಳದ ತಳದಲ್ಲಿ ಮುಳುಗಿದ ಪಲ್ಲಕ್ಕಿ. ಕೆಲಸ ಸೇರಿದ ನಾಲ್ಕನೇ ವರ್ಷ ನಾನು ರಾಣಿಯನ್ನು ಆ ಬೆಂಚಿನ ಮೇಲೆ ಕೂರಿಸಿದೆ.

ಅದು ಇಷ್ಟೇ. ಚಿಕ್ಕ ರಾಣಿ, ಆ ಮರ ನೆಟ್ಟ ತೋಟದವನು. ನಾಳೆ ಬರುತ್ತೇನೆ, ಹೋಗೋಣ ಅಂತ ಅವನು ಹೇಳಿದ. ಅವಳು ಬೆಂಚಿನ ಮೇಲೆ ಕೂತಳು. ಅವನು ಬರಲಿಲ್ಲ. ಮುಚ್ಚುವ ಗಂಟೆಯವರೆಗೆ ಕೂತಿದ್ದು ಎದ್ದು ಹೋದಳು, ಮಾರನೆಯ ದಿನ ಮತ್ತೆ ಬಂದಳು. ಅವಳನ್ನು ನೋಡಿ ನೋಡಿ ಮರವೇ ಆ ಕಡೆ ಬಾಗಿತು. ಜನಕ್ಕೆ ಅಷ್ಟು ಸಾಕಾಗುತ್ತಿತ್ತು. ಬಾಯಿಂದ ಬಾಯಿಗೆ ಹೋಯಿತು, ಬೇರೆ ಮಾರ್ಗದರ್ಶಿಗಳೂ ಹೇಳಿದರು, ಹದಿನೆಂಟು ವರ್ಷದ ಹಿಂದೆ ಉದ್ಯಾನ ಕಚೇರಿಯವರು ಅದನ್ನೇ ಫಲಕದ ಮೇಲೆ ಬರೆಸಿ ನೆಟ್ಟರು. ನಾನು ಬರೆಸಿ ಅಂದಿರಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ನೀನೇನು ಮಾಡಿದೆ. ಆ ಫಲಕಕ್ಕೆ ಒರಗಿ ನಿಂತುಕೊಂಡು, ನಗುನಗುತ್ತಾ, ಎಲ್ಲರೂ ಸ್ವಲ್ಪ ಬಗ್ಗಿ ಸೀಟಿನ ಕೆಳಗೆ ನೋಡಿ ಅಂದೆ. ಇಪ್ಪತ್ತೊಂದು ಜನ ಹಿಂಭಾಗ ಮೇಲೆ ಮಾಡಿಕೊಂಡು ಬಗ್ಗಿದರು. ಎರಕದ ಕಾರ್ಖಾನೆಯವರು ಇಸವಿ ಒತ್ತಿದ್ದಾರಂತೆ, ರಾಣಿ ಸತ್ತ ಇಪ್ಪತ್ತಾರು ವರ್ಷಕ್ಕೆ ಆ ಬೆಂಚು ತಯಾರಾಯಿತಂತೆ. ಈ ಕಥೆ ಕಟ್ಟಿದ ಮಾರ್ಗದರ್ಶಿ ಒಂದು ಸಲ ಬಗ್ಗಿ ನೋಡಿದ್ದರೂ ಸಾಕಿತ್ತು ಅಂದೆ. ಜನ ನಕ್ಕರು. ಮೂವತ್ತೆರಡು ವರ್ಷ ನಾನು ಆ ಬೆಂಚಿನ ಪಕ್ಕ ನಿಂತಿದ್ದೇನೆ, ಬಗ್ಗಿ ನೋಡಲಿಲ್ಲ, ನಿಜ. ನಿಂತು ಮಾತಾಡುವವರು ಬೆಂಚಿನ ಕೆಳಗೆ ಯಾಕೆ ನೋಡುತ್ತಾರೆ. ಮರ ಬಾಗಿದ್ದು ರಾಣಿಗಾಗಿ ಅಲ್ಲ, ಮೂವತ್ತೆರಡು ವರ್ಷದ ಹಿಂದೆ ಚರಂಡಿ ತೋಡುವಾಗ ಒಂದು ಕಡೆಯ ಬೇರು ಕಡಿದರು, ಅದಕ್ಕೆ ಅಂತ ಅದನ್ನೂ ಹೇಳಿದೆ. ಗುರುವಿಗೇ ತಿರುಮಂತ್ರ.

ಇಷ್ಟಕ್ಕೇ ಬಿಟ್ಟಿದ್ದರೆ ಮನೆಗೆ ಬಂದು ಚಿಕ್ಕಮ್ಮನ ಹತ್ತಿರ ನಿನ್ನನ್ನು ಅರ್ಧ ಗಂಟೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ನೀನು ಇನ್ನೊಂದು ಮಾತು ಸೇರಿಸಿದೆ. ಏನು ನಡೆಯಿತು ಅಂತ ಹೇಳೋಕೆ ಧೈರ್ಯ ಇಲ್ಲದವರು ಕಾದಿದ್ದರ ಕಥೆ ಹೇಳುತ್ತಾರೆ ಅಂದೆ. ಮೆಲ್ಲಗೆ ಅಂದೆ. ಆಗ ಯಾರೂ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಟೋಪಿ ಮುಟ್ಟಿ ನೋಡಿಕೊಂಡೆ. ಅಲ್ಲೇ ಕನ್ನಡಕ ತೆಗೆದು, ನನಗೆ ಧೈರ್ಯ ಇಲ್ಲವೇನೇ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ನಿನ್ನ ಮಾತನ್ನು ನಿಜ ಮಾಡಿಕೊಂಡು ಸುಮ್ಮನೆ ನಿಂತಿದ್ದೆ.

ಅಷ್ಟರಲ್ಲಿ ಆ ನೀಲಿ ಶಾಲಿನ ಹೆಂಗಸು ಅತ್ತಳಲ್ಲ. ಆ ಕಥೆ ಕೇಳಿಯೇ ತನ್ನ ಗಂಡ ಆ ಬೆಂಚಿನ ಮೇಲೆ ತನ್ನನ್ನು ಮದುವೆಯಾಗು ಅಂತ ಕೇಳಿದ್ದು, ಅವನು ಹೋಗಿ ಎರಡು ವರ್ಷವಾಯಿತು, ಈಗ ಎಲ್ಲ ಸುಳ್ಳೇನಮ್ಮಾ ಅಂದಳು. ನೀನು ಅವಳ ಪಕ್ಕ ಮಂಡಿಯೂರಿ ಕೂತು, ರಾಣಿ ಸುಳ್ಳು, ನಿಮ್ಮ ಗಂಡ ಕೇಳಿದ್ದು ನಿಜ, ಅದು ನಡೆದಿದ್ದು ಇದೇ ಬೆಂಚಿನ ಮೇಲೆ, ಅದನ್ನು ಯಾವ ಇಸವಿಯೂ ಅಲ್ಲಗಳೆಯಲ್ಲ ಅಂದೆ. ಅದನ್ನು ಚೆನ್ನಾಗಿ ಹೇಳಿದೆ. ನನಗೆ ಹಾಗೆ ಹೇಳೋಕೆ ಬರುತ್ತಿರಲಿಲ್ಲ. ಹೊಗಳಿದೆ ಅಂತ ಹಿಗ್ಗಬೇಡ, ಅದೇ ನೀನು ನಾಲ್ಕು ವರ್ಷದ ಹಿಂದೆ ನನ್ನ ಅಡುಗೆಮನೆಯಲ್ಲಿ ಏನು ಮಾಡಿದೆ ಅಂತ ನೆನಪಿಸುತ್ತೇನೆ.

ಯಾವುದೋ ಫಾರಂ ತುಂಬಬೇಕು ಅಂತ ನೀನು ನಗರದ ದಫ್ತರಿಗೆ ಹೋಗಿ ಸಾವಿನ ನೋಂದಣಿ ತಿರುವಿ ಹಾಕಿದೆ. ಜ್ವರದಲ್ಲಿ ಸತ್ತ, ನೀನು ಹುಟ್ಟುವ ಮೂರು ತಿಂಗಳು ಮೊದಲು, ಇಂಥ ಹೆಸರು ಅಂತ ಹುಟ್ಟಿದಾಗಿನಿಂದ ನಾನು ಹೇಳಿಕೊಂಡು ಬಂದಿದ್ದ ಅಪ್ಪ ಆ ವರ್ಷವೂ ಸತ್ತಿರಲಿಲ್ಲ, ಹಿಂದಿನ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಗುಮಾಸ್ತ ಬರೆಯದೆ ಬಿಟ್ಟಿರಬಹುದು ಅಂದೆ ನಾನು. ಆ ಹೆಸರಿನವನು ಈ ಊರಲ್ಲಿ ಹುಟ್ಟಿಯೂ ಇಲ್ಲ ಅಂದೆ ನೀನು. ನಾನು ಪಾತ್ರೆ ಉಜ್ಜುತ್ತಿದ್ದೆ, ತಿರುಗಲಿಲ್ಲ. ನೀನು ಮೂರು ಸಲ ಕೇಳಿದೆ, ನನ್ನ ಅಪ್ಪ ಯಾರು, ಎಲ್ಲಿದ್ದಾನೆ ಅಂತ. ಮೂರು ಸಲವೂ ನಾನು ಅದೇ ಹೆಸರು, ಅದೇ ಜ್ವರ ಹೇಳಿದೆ. ಇದಕ್ಕೆ ಉತ್ತರ ಕೊಡುವ ದಿನ ಕರೆ, ಅಲ್ಲಿಯವರೆಗೂ ಈ ಮೆಟ್ಟಿಲು ಹತ್ತಲ್ಲ ಅಂತ ಹೇಳಿ ಎರಡು ಚೀಲ ತೆಗೆದುಕೊಂಡು ಹೊರಟೆ. ಹೋಗುವಾಗ ಕೆಟಲ್ ಕೂಡ ಹೊತ್ತುಕೊಂಡು ಹೋದೆ. ಆ ಸಿಟ್ಟಿನಲ್ಲೂ ಕೆಟಲ್ ನೆನಪಾಯಿತಲ್ಲ, ನನ್ನ ಮಗಳೇ ಸರಿ.

ಆಮೇಲೆ ನಾನು ಉದ್ಯಾನದ ಕೆಲಸ ಬಿಟ್ಟ ತಿಂಗಳಿಗೇ ನೀನು ಅಲ್ಲಿ ಸೇರಿಕೊಂಡೆ. ನನ್ನ ಬಿಲ್ಲೆ, ನನ್ನ ನಂಬರು, ಗುಡಿಸಲಿನಲ್ಲಿ ನನ್ನ ಕೋಟಿನ ಮೊಳೆ. ಚಿಕ್ಕಮ್ಮ ಇದನ್ನು ಹೇಳಿದ ದಿನ ನಾನು ಅವಳ ಮೇಲೂ ಹರಿಹಾಯ್ದೆ. ನನ್ನ ಮೇಲೆ ಹಗೆ ತೀರಿಸಿಕೊಳ್ಳೋಕೆ ಹೋಗಿದ್ದಾಳೆ ಅಂದೆ. ಅವಳು, ಅಕ್ಕಾ, ಅವಳು ನಿನ್ನನ್ನು ಹುಡುಕಿಕೊಂಡು ಹೋಗಿದ್ದಾಳೆ ಅಂದಳು. ನಿನ್ನ ಚಿಕ್ಕಮ್ಮನಿಗೆ ಎಲ್ಲರೂ ಒಳ್ಳೆಯವರೇ.

ಹೋದ ವಾರ ಉದ್ಯಾನ ಕಚೇರಿಯಿಂದ ಒಂದು ಕಾಗದ ಬಂತು. ಏಳನೇ ನಿಲುಗಡೆಯ ಫಲಕ ತೆಗೆಸಬೇಕು ಅಂತ ಮಾರ್ಗದರ್ಶಿ ನಂಬರ್ ಹದಿನೇಳು ಅರ್ಜಿ ಕೊಟ್ಟಿದ್ದಾರೆ, ಆ ಕಥೆಗೆ ಏನಾದರೂ ಆಧಾರ ಇದೆಯೇ ಅಂತ ತಾವು ಶುಕ್ರವಾರದೊಳಗೆ ಬರೆದು ತಿಳಿಸಿ ಅಂತ. ತಾವು ಅಂತ ನನಗೆ. ಮೊದಲು, ಇದೆ ಅಂತ ಬರೆಯೋಣ ಅನ್ನಿಸಿತು. ದೊಡ್ಡ ಮೇಷ್ಟ್ರು ಹೇಳಿದ್ದು ಅಂದರೆ ಮುಗಿಯಿತು, ಸತ್ತವರು ಬಂದು ಇಲ್ಲ ಅನ್ನಲ್ಲ. ಸತ್ತವರ ಹೆಸರು ಹೇಳಿ ಬದುಕೋದು ನನಗೆ ಹೊಸದೂ ಅಲ್ಲ. ಆದರೆ ಬರೆಯಲಿಲ್ಲ. ಆಧಾರ ಇಲ್ಲ, ನಾನೇ ಕಟ್ಟಿದ್ದು, ಫಲಕ ತೆಗೆಯಬಹುದು ಅಂತ ಬರೆದು ಸಹಿ ಹಾಕಿ ಅಂಚೆಗೆ ಹಾಕಿದೆ. ಮೂರು ಸಾಲು. ನನ್ನ ಜನ್ಮದಲ್ಲಿ ಮೊದಲ ಸಲ ನಾನು ಹೇಳಿದ್ದು ಸುಳ್ಳು ಅಂತ ಬರೆದು ಕೊಟ್ಟಿದ್ದು. ಆಕಾಶವೇನೂ ಕಳಚಿ ಬೀಳಲಿಲ್ಲ. ಒಂದನ್ನು ಒಪ್ಪಿಕೊಂಡ ಮೇಲೆ ಇನ್ನೊಂದನ್ನು ಬಚ್ಚಿಟ್ಟುಕೊಳ್ಳೋಕೆ ಆಗುತ್ತಿಲ್ಲ, ಅದಕ್ಕೇ ಈ ಪತ್ರ. ನೀನು ಕೇಳಿದ್ದಕ್ಕೆ ಅಲ್ಲ. ಅರ್ಥವಾಯಿತಾ, ನೀನು ಗೆದ್ದೆ ಅಂತ ಅಲ್ಲ.

ನಿನ್ನ ಅಪ್ಪ ಸತ್ತಿಲ್ಲ.

ನಾನು ಹೇಳಿದ್ದ ಹೆಸರಿನವನು ಯಾರೂ ಇಲ್ಲ. ಅವನು ಸರ್ವೆ ಕೆಲಸದವನು. ಆ ಚರಂಡಿ ತೋಡುವ ಮೊದಲು ಉದ್ಯಾನ ಅಳೆಯೋಕೆ ಬಂದಿದ್ದ, ಮೂರು ಕಾಲಿನ ದುರ್ಬೀನು, ಸರಪಳಿ, ಬಣ್ಣ ಬಳಿದ ಕೋಲುಗಳು ಹೊತ್ತುಕೊಂಡು. ನೀನು ಅಷ್ಟು ಜಂಬದಿಂದ ಬೇರು ಕಡಿದರು ಅಂದೆಯಲ್ಲ, ಆ ಗೆರೆ ಎಳೆದವನು ಅವನೇ. ಅಳತೆ ಮುಗಿಸಿ ಇಡೀ ಉದ್ಯಾನದ ನಕ್ಷೆ ಬರೆದ. ನೀನು ದಿನಾ ಗೇಟಿನಲ್ಲಿ ಬಂದವರ ಕೈಗೆಲ್ಲ ಕೊಡುವ ನಕ್ಷೆ ಅವನ ಕೈಬರಹ. ಬಲಗಡೆ ಕೆಳಮೂಲೆಯಲ್ಲಿ, ಅಂಚಿಗೆ ಅಂಟಿದ ಹಾಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಅವನ ಹೆಸರಿದೆ. ಊರಿನ ದಫ್ತರುಗಳನ್ನೆಲ್ಲ ಜಾಲಾಡಿದೆ, ನಿನ್ನ ಕೈಯಲ್ಲೇ ಇತ್ತು. ನಿನ್ನನ್ನು ಅಣಕಿಸೋಕೆ ಹೇಳುತ್ತಿಲ್ಲ. ಸ್ವಲ್ಪ ಅಣಕಿಸೋಕೂ ಹೌದು.

ಆಗ ನನಗೆ ಇಪ್ಪತ್ತೈದು. ಕೆಲಸಕ್ಕೆ ಸೇರಿ ಮೂರನೇ ವರ್ಷ, ಗುಡಿಸಲಿನಲ್ಲಿ ನಾನೊಬ್ಬಳೇ ಹೆಂಗಸು. ಹೆಂಗಸರ ದನಿ ಬಯಲಲ್ಲಿ ಕೇಳಿಸಲ್ಲ ಅಂತ ಎರಡು ಸಲ ನನ್ನ ಅರ್ಜಿ ವಾಪಸು ಕಳಿಸಿದ್ದರು. ಅವನು ಹುಲ್ಲಿನ ಮೇಲೆ ಸರಪಳಿ ಎಳೆಯುತ್ತಾ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಕೊಳದ ಅಗಲ ನೀನು ಹೇಳಿದ್ದಕ್ಕಿಂತ ಎಂಟು ಅಡಿ ಕಡಿಮೆ ಅಂತ ತಿದ್ದಿದ. ನಮ್ಮ ಮೊದಲ ಮಾತೇ ಜಗಳ. ತಪ್ಪು ಕಂಡರೆ ತಡೆಯೋಕೆ ಆಗದ ಜಾತಿ. ನಿನಗೆ ಆ ರೋಗ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಒಂದು ವರ್ಷ ಚೆನ್ನಾಗಿದ್ದೆವು. ಆಮೇಲೆ ಅವನಿಗೆ ಬಂದರಿನ ಊರಿಗೆ ವರ್ಗವಾಯಿತು. ಮದುವೆಯಾಗಿ ಬಾ ಅಂದ. ಯೋಚನೆ ಮಾಡಬೇಕು ಅಂದೆ. ಗುರುವಾರ ನನಗೆ ರಜೆ, ಶುಕ್ರವಾರ ಬೆಳಗ್ಗೆ ಅವನ ರೈಲು. ಗುರುವಾರ ಹನ್ನೊಂದು ಗಂಟೆಗೆ ಆ ಬೆಂಚಿನ ಹತ್ತಿರ ಸಿಗೋಣ, ಹೂಂ ಅಥವಾ ಊಹೂಂ, ಅಲ್ಲೇ ಹೇಳಿಬಿಡು ಅಂದ. ನೀನು ಆಗ ಹೊಟ್ಟೆಯಲ್ಲಿದ್ದೆ. ನನಗೆ ಗೊತ್ತಾಗಿ ಆರು ದಿನವಾಗಿತ್ತು, ಅವನಿಗೆ ಗೊತ್ತಿರಲಿಲ್ಲ. ಗುರುವಾರ ಹೋಗಿ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಬಿಸಿಲು ಬಂದ ಹಾಗೆಲ್ಲ ಬೆಂಚಿನ ಮೇಲೆ ಸರಿದು ಸರಿದು ಕೂರಬೇಕಾಯಿತು. ಒಂದು ಸಲ ಬೂಟು ಬಿಚ್ಚಿ ಕಲ್ಲು ಕೊಡವಿದ್ದು, ಪೇಪರನ್ನು ಮಡಿಸಿ ಮತ್ತೆ ಬಿಡಿಸಿದ್ದು, ಯಾರಾದರೂ ಬಂದು ಪಕ್ಕದಲ್ಲಿ ಕೂತರೆ ಎದ್ದು ನಿಂತು ದಾರಿ ನೋಡಿದ್ದು. ಸಂಜೆ ಮುಚ್ಚುವ ಗಂಟೆ ಹೊಡೆಯಿತು, ಕಾವಲುಗಾರ ಬಂದು ಎಬ್ಬಿಸಿದ. ಅವನು ಬರಲಿಲ್ಲ. ಅಷ್ಟೇ ಕಥೆ. ರಾಣಿಯ ಸೀರೆ ಉಡಿಸಿ ನಾನು ಹೇಳಿದ್ದು ಅದನ್ನೇ.

ಬಾರದವನನ್ನು ಸಾಯಿಸಿಬಿಡೋದು ಸುಲಭ ಕಣೇ. ಸತ್ತವನ ಹೆಂಡತಿಗೆ ಮನೆ ಬಾಡಿಗೆಗೆ ಸಿಗುತ್ತೆ, ಕೆಲಸ ಉಳಿಯುತ್ತೆ, ಅಕ್ಕಪಕ್ಕದವರು ಪಾಪ ಅಂತಾರೆ. ಇನ್ನೊಂದಕ್ಕೆ ಏನಂತಾರೆ ಅಂತ ನಿನಗೆ ಹೇಳಬೇಕಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಸುಳ್ಳು ಹೇಳಿ ಮದುವೆಯೇ ಇಲ್ಲದೆ ಸಂಸಾರ ಮಾಡಿದೆ. ನಿನ್ನನ್ನು ಬೆಳೆಸಿದೆ, ಓದಿಸಿದೆ, ಯಾರ ಮುಂದೆಯೂ ತಲೆ ತಗ್ಗಿಸದ ಹಾಗೆ ನೋಡಿಕೊಂಡೆ. ಅದಕ್ಕೆ ನಾನು ಕ್ಷಮೆ ಕೇಳಲ್ಲ.

ಒಂದಕ್ಕೆ ಮಾತ್ರ ಕೇಳುತ್ತೇನೆ. ನಿನಗೆ ಆರು ವರ್ಷ ಇದ್ದಾಗ, ಅಪ್ಪ ಏನು ಮಾಡುತ್ತಿದ್ದ ಅಂತ ಒಂದೇ ಸಮನೆ ಪೀಡಿಸಿದೆ. ನಾನು ಬಟ್ಟೆ ಒಣಹಾಕುತ್ತಾ, ಶಿಳ್ಳೆ ಹೊಡೆಯುತ್ತಿದ್ದ, ಹಕ್ಕಿಗಳು ಉತ್ತರ ಕೊಡುತ್ತಿದ್ದವು ಅಂದೆ. ಬಾಯಿಗೆ ಬಂದದ್ದು ಹೇಳಿದ್ದು. ನೀನು ಆ ಬೇಸಿಗೆಯೆಲ್ಲ ಮುಂದಿನ ಹಲ್ಲು ಬಿದ್ದ ಬಾಯಲ್ಲಿ ಶಿಳ್ಳೆ ಕಲಿತೆ. ತುಟಿ ಒಡೆದು ರಕ್ತ ಬಂದರೂ ಬಿಡಲಿಲ್ಲ. ಬಂದ ದಿನ ಓಡಿ ಬಂದು, ಅಮ್ಮಾ ಅಪ್ಪನ ಹಾಗೇ ಇದೆಯಾ ಅಂತ ಕೇಳಿದೆ. ಹಾಗೇ ಇದೆ ಅಂದೆ. ಅವನಿಗೆ ಶಿಳ್ಳೆ ಹೊಡೆಯೋಕೆ ಬರುತ್ತಲೇ ಇರಲಿಲ್ಲ. ಆ ಭಾನುವಾರ ಹಿಂದುಳಿದವರನ್ನು ಕರೆಯೋಕೆ ನೀನು ಶಿಳ್ಳೆ ಹೊಡೆದೆಯಲ್ಲ, ನಾನು ಮಂಟಪದ ಕಂಬದ ಹಿಂದೆ ಹೋಗಿ ಅತ್ತೆ. ಇದೊಂದು ತಪ್ಪಾಯಿತು. ಇದನ್ನು ಮಾಡಬಾರದಿತ್ತು.

ನೀನು ಬೆಂಚಿನ ಹತ್ತಿರ ಆ ಮಾತು ಆಡಿದ ಮಾರನೆಯ ದಿನವೇ ಅವನಿಗೆ ಬರೆದೆ. ವಿಳಾಸ ನನ್ನ ಹತ್ತಿರ ಯಾವತ್ತೂ ಇತ್ತು. ಮೂವತ್ತೊಂದು ವರ್ಷದ ಮಗಳಿದ್ದಾಳೆ, ನಿನ್ನವಳು, ಬೇಕಾದರೆ ಉತ್ತರ ಬರೆ, ಬೇಡವಾದರೆ ಬಿಡು ಅಂತ ನಾಲ್ಕು ಸಾಲು. ಮೊನ್ನೆ ಉತ್ತರ ಬಂತು. ಕೆಲಸದಿಂದ ನಿವೃತ್ತನಾಗಿದ್ದಾನೆ, ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಅದೇ ನಕ್ಷೆಯ ಅಕ್ಷರ, ಸ್ವಲ್ಪ ನಡುಗಿದೆ. ನನಗೆ ಒಂದು ಬೈಗುಳವೂ ಇರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿ. ಕೇಳಿದ್ದು ಎರಡೇ. ಅವಳ ಹೆಸರೇನು. ನಾನು ಬಂದರೆ ಅವಳು ನೋಡುತ್ತಾಳಾ. ಹೆಸರು ನಾನು ಬರೆದಿಲ್ಲ. ಅದನ್ನು ನೀನೇ ಹೇಳಿಕೊಳ್ಳಬಹುದು ಅಂತ ಬಿಟ್ಟಿದ್ದೇನೆ. ಎರಡನೆಯದಕ್ಕೂ ಉತ್ತರ ನಿನ್ನದೇ. ಬೇರೆ ಚೀಟಿಯಲ್ಲಿ ಅವನ ಹೆಸರು, ಮನೆ ವಿಳಾಸ ಬರೆದು ಇದರ ಜೊತೆ ಇಟ್ಟಿದ್ದೇನೆ. ಈ ಸಲದ ಹೆಸರು ನಿಜದ್ದು, ನಕ್ಷೆಗೆ ಹೋಲಿಸಿ ನೋಡಿಕೊ. ನೋಡೇ ನೋಡುತ್ತೀಯ.

ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟಾಯಿತು. ಇನ್ನು ನನ್ನ ಷರತ್ತು ಕೇಳು. ಅಮ್ಮಾ ನಿನ್ನನ್ನು ಕ್ಷಮಿಸಿದೆ ಅಂತ ಕಾಗದ ಬರೆಯಬೇಡ, ನಾನು ಓದದೆ ಒಲೆಗೆ ಹಾಕುತ್ತೇನೆ. ಚಿಕ್ಕಮ್ಮನ ಕೈಲಿ ಹೇಳಿ ಕಳಿಸಬೇಡ. ಬರೋದಾದರೆ ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡಿ ಬೈ, ನಾನೂ ಬೈಯುತ್ತೇನೆ. ನಾಲ್ಕು ವರ್ಷದ್ದು ಬಾಕಿ ಇದೆ, ಒಂದು ಮಧ್ಯಾಹ್ನಕ್ಕೆ ಮುಗಿಯಲ್ಲ. ಗೇಟಿನ ಹತ್ತಿರ ಸೂರ್ಯನಿಗೆ ಮುಖ ಮಾಡಿ ನಿಲ್ಲು. ಹೊಟ್ಟೆ ತುಂಬ ಊಟ ಮಾಡು.

ಇಂತಿ,
ನಿನ್ನ ತಾಯಿ
(ಇದನ್ನು ಮಾತ್ರ ಯಾವ ದಫ್ತರಿನಲ್ಲಿ ಬೇಕಾದರೂ ಹುಡುಕಿ ನೋಡು, ಸಿಗುತ್ತೆ)

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ ಅಂಚೆ ಡಬ್ಬದವರೆಗೂ ಹೋಗಿ ವಾಪಸು ಬಂದು ಹರಿದು ಇದನ್ನು ಬರೆಯುತ್ತಿದ್ದೇನೆ. ನೀನು ಅವನನ್ನು ನೋಡೋಕೆ ಹೋಗದೆ ಇರುವವಳಲ್ಲ. ಹೋದ ಮೇಲೆ, ಆ ಗುರುವಾರ ಯಾಕೆ ಬರಲಿಲ್ಲ, ನನ್ನ ಅಮ್ಮನನ್ನು ಯಾಕೆ ಕೂರಿಸಿದೆ ಅಂತ ನಿಲ್ಲಿಸಿ ಕೇಳುತ್ತೀಯ. ಬಂದಿದ್ದೆ ಅನ್ನುತ್ತಾನೆ. ಅವನ ಮೇಲೆ ಸಿಟ್ಟಾಗಬೇಡ, ಅವನು ಸುಳ್ಳು ಹೇಳುವವನಲ್ಲ. ಅವನು ಬಂದಿದ್ದ. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದು ಕೂತ. ಕಾವಲುಗಾರ ಬಂದು ಎಬ್ಬಿಸಿದ್ದು ಅವನನ್ನು. ನಾನು ಎದುರಿಗೆ ಗಾಜಿನ ಮನೆಯೊಳಗೆ ಕುಂಡಗಳ ಹಿಂದೆ ನಿಂತಿದ್ದೆ. ಗಾಜಿಗೆ ಹಬೆ ಕಟ್ಟಿದಾಗೆಲ್ಲ ತೋಳಿನಿಂದ ಒರೆಸಿ ಒರೆಸಿ ಅವನನ್ನೇ ನೋಡುತ್ತಿದ್ದೆ. ಹತ್ತಿರ ಹೋಗಿ ಅವನ ಮುಖ ನೋಡಿದರೆ ಹೂಂ ಅಂದುಬಿಡುತ್ತಿದ್ದೆ. ಹೂಂ ಅಂದಿದ್ದರೆ ಅಷ್ಟು ಕಷ್ಟಪಟ್ಟು ಪಡೆದ ಕೆಲಸ ಬಿಟ್ಟು ಹೋಗಬೇಕಿತ್ತು. ನನಗೆ ಆ ಉದ್ಯಾನ ಬೇಕಿತ್ತು. ನಿನಗೆ ಅಪ್ಪ ಬೇಕಾಗುತ್ತಾನೆ ಅಂತ ಆಗ ಯೋಚನೆ ಬರಲಿಲ್ಲ ಅಂದರೆ ಅದೂ ಸುಳ್ಳು. ಬಂದಿತ್ತು. ನಾನು ಅಲ್ಲೇ ಇದ್ದೆ ಅನ್ನೋದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಹೇಳೋಕೆ ಆಗಲ್ಲ. ನೀನು ಹೇಳು.